ನಾಲ್ಕು ರೆಕ್ಕೆಯ ಗಾಳಿಪಟಕ್ಕೆ ಸೂತ್ರ ಎಲ್ಲಿ?

ಆಷಾಢ ಬಂತೆಂದರೆ ಹಿರಿಯೂರಿನ ನಮ್ಮ ಬೀದಿಯ ಹುಡುಗರಿಗೆಲ್ಲ ಒಂದೇ ಧ್ಯಾನ. ಗಾಳಿಪಟ! ಹಳೇ ಪೇಪರು, ತೆಂಗಿನ ಗರಿಯ ಕಡ್ಡಿ, ಅಮ್ಮನ ಕಣ್ಣು ತಪ್ಪಿಸಿ ತಂದ ಅನ್ನದ ಅಗುಳು, ಬಾಲಂಗೋಚಿಗೆ ಹರಿದ ಸೀರೆಯ ಅಂಚು. ಇಷ್ಟಿದ್ದರೆ ಅರ್ಧ ಗಂಟೆಯಲ್ಲಿ ಪಟ ರೆಡಿ. ಆದರೆ ಸೂತ್ರ ಕಟ್ಟುವುದು ಮಾತ್ರ ನಮ್ಮ ಕೈಲಿ ಆಗುತ್ತಿರಲಿಲ್ಲ. ಅದಕ್ಕೆ ಅಪ್ಪನೇ ಬೇಕು. ಅಪ್ಪ ಶಾಲೆಯಿಂದ ಬಂದು, ಕೈಕಾಲು ತೊಳೆದು, ಕಾಫಿ ಕುಡಿದು ಮುಗಿಸುವವರೆಗೆ ನಾವು ಪಟ ಹಿಡಿದು ಕಾಯಬೇಕು. ಆಮೇಲೆ ಅವರು ಮೇಲೆರಡು ಕಡೆ, ಕೆಳಗೊಂದು ಕಡೆ ದಾರ ಪೋಣಿಸಿ, ಬೆರಳಿನಿಂದ ಅಳೆದು, ಗಂಟು ಹಾಕಿ, ಒಮ್ಮೆ ಎತ್ತಿ ಹಿಡಿದು ನೋಡುತ್ತಿದ್ದರು. ಸರಿ ಬರಲಿಲ್ಲವೆಂದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಮೇಲಿನ ದಾರ ಒಂದು ಬೆರಳು ಹೆಚ್ಚುಕಮ್ಮಿಯಾದರೂ ಪಟ ಗೋತಾ ಹೊಡೆದು ಯಾರದೋ ಹೆಂಚಿನ ಮೇಲೆ ಹೋಗಿ ಬೀಳುತ್ತಿತ್ತು.

ಇದೆಲ್ಲ ಈಗ ನೆನಪಾಗಲು ಕಾರಣವಿದೆ. 2014ರ ಬೇಸಿಗೆಯಲ್ಲಿ ನಾನೊಂದು ಹುಚ್ಚು ಹಚ್ಚಿಕೊಂಡಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆ ಅಲೆದು ನಾಲ್ಕು ಮೋಟಾರು, ನಾಲ್ಕು ಫ್ಯಾನು, ಒಂದು ಪ್ಲಾಸ್ಟಿಕ್ ಚೌಕಟ್ಟು, ಪುಟ್ಟ ಪರದೆಯಿರುವ ಒಂದು ಕೆಕೆ2 ಬೋರ್ಡು ಎಲ್ಲ ಕೊಂಡು ತಂದು ಡ್ರೋನ್ ಜೋಡಿಸಲು ಕೂತಿದ್ದೆ. ಅಪ್ಪ ಆಗ ನಿವೃತ್ತರಾಗಿ ಮನೆಯಲ್ಲೇ ಇದ್ದರು. ಕನ್ನಡಕ ಏರಿಸಿಕೊಂಡು ಬಂದು ನಾಲ್ಕೂ ಕಡೆಯಿಂದ ನೋಡಿದರು. ಆಮೇಲೆ ಕೇಳಿದರು, "ಎಲ್ಲ ಸರಿ ಕಣೋ, ಇದಕ್ಕೆ ಸೂತ್ರ ಎಲ್ಲೈತೆ?"

ನಾನು ನಕ್ಕುಬಿಟ್ಟೆ. ಇದು ಮೋಟಾರಿನಲ್ಲಿ ಹಾರುವಂಥದ್ದು, ಇದಕ್ಕೆಲ್ಲಿಯ ಸೂತ್ರ ಅಂದೆ. ಅವರು ಏನೂ ಹೇಳದೆ ಒಳಗೆ ಹೋದರು.

ಆ ವರ್ಷ ಅದು ಹಾರಲೇ ಇಲ್ಲ. ಸಮಯ ಸಿಕ್ಕಾಗ ಸ್ವಲ್ಪ ಸ್ವಲ್ಪ ಜೋಡಿಸುತ್ತಿದ್ದೆ. ಅಷ್ಟರಲ್ಲಿ 2014ರ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ಪ್ರಕಟಣೆ ಬಂತು. ನಿಯಮಗಳು ಆಗುವ ತನಕ ಖಾಸಗಿಯವರು ಯಾರೂ ಡ್ರೋನ್ ಹಾರಿಸುವಂತಿಲ್ಲ ಅಂತ. ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದೆ. 2019ರಲ್ಲಿ ಅಪ್ಪ ಹೋದರು. ಡಬ್ಬಿ ಮಾತ್ರ ಅಟ್ಟದಲ್ಲೇ ಇತ್ತು. ಕಳೆದ ವರ್ಷ ಹೊಸದುರ್ಗದಲ್ಲಿರುವ ತಂಗಿಯ ಮಗ, ಡಿಪ್ಲೊಮಾ ಓದುತ್ತಿರುವವನು, ರಜೆಗೆ ಬಂದಾಗ ಅದನ್ನು ಕೆಳಗಿಳಿಸಿದ. "ಮಾವ, ಇದನ್ನ ಹಾರ್ಸೋಣ" ಅಂದ. ಡಬ್ಬಿ ಬಿಚ್ಚುತ್ತಿದ್ದ ಹಾಗೆ ಅಪ್ಪನ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತು. ಈ ಸಲ ನಗು ಬರಲಿಲ್ಲ. ಉತ್ತರ ಹುಡುಕುತ್ತಾ ಸ್ವಲ್ಪ ಇತಿಹಾಸ ಓದಿದೆ. ಓದಿದಷ್ಟೂ ಗೊತ್ತಾಗಿದ್ದು ಒಂದೇ. ಕೇಳಬೇಕಾಗಿದ್ದ ಪ್ರಶ್ನೆಯೇ ಅದು!

ನಾಲ್ಕು ರೆಕ್ಕೆಯ ಯಂತ್ರ ನಿನ್ನೆ ಮೊನ್ನೆಯದು ಅಂತ ನಾನು ತಿಳಿದಿದ್ದೆ. ಅಲ್ಲ. 1907ರಲ್ಲೇ ಫ್ರಾನ್ಸಿನಲ್ಲಿ ಬ್ರೆಗೆ ಸಹೋದರರು ಪ್ರೊಫೆಸರ್ ರಿಶೆ ಅವರ ಜೊತೆ ಸೇರಿ ಅಂಥದ್ದೊಂದನ್ನು ಕಟ್ಟಿದ್ದರು. ನಾಲ್ಕು ಮೂಲೆಗೆ ನಾಲ್ಕು ದೊಡ್ಡ ಚಕ್ರಗಳು, ನಡುವೆ ಒಂದು ಎಂಜಿನ್, ಅದರ ಹತ್ತಿರ ಒಬ್ಬ ಮನುಷ್ಯ. ಅದು ನಿಜಕ್ಕೂ ನೆಲ ಬಿಟ್ಟು ಎದ್ದಿತು, ಬರೀ ಎರಡು ಅಡಿಯಷ್ಟು. ಆದರೆ ನಾಲ್ಕು ಕಡೆ ನಾಲ್ಕು ಜನ ಅದರ ತೋಳುಗಳನ್ನು ಹಿಡಿದುಕೊಂಡೇ ನಿಂತಿರಬೇಕಾಗಿತ್ತು! ಎತ್ತಲು ಅಲ್ಲ, ಮಗುಚದ ಹಾಗೆ ನೋಡಿಕೊಳ್ಳಲು. ಮೇಲೇಳುವ ಶಕ್ತಿ ಯಂತ್ರದಲ್ಲೇ ಇತ್ತು. ಇಲ್ಲದಿದ್ದದ್ದು ಸೂತ್ರ. ಆ ನಾಲ್ವರೇ ಅದರ ಸೂತ್ರ ಅನ್ನಬಹುದೇನೋ.

ಆಮೇಲೆ 1922. ರಷ್ಯಾದ ಕ್ರಾಂತಿಯ ಗಲಾಟೆಯಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಬಂದಿದ್ದ ಜಾರ್ಜ್ ದ ಬೊಥೆಝಾಟ್ ಎಂಬ ವಿಜ್ಞಾನಿ ಅಲ್ಲಿನ ಸೇನೆಗಾಗಿ ಒಂದು ನಾಲ್ಕು ಚಕ್ರದ ಯಂತ್ರ ಮಾಡಿಕೊಟ್ಟ. ಡಿಸೆಂಬರ್ 18ರಂದು ಓಹಾಯೋ ರಾಜ್ಯದ ಮಕುಕ್ ಮೈದಾನದಲ್ಲಿ ಅದು ಸುಮಾರು 6 ಅಡಿ ಎತ್ತರದಲ್ಲಿ 1 ನಿಮಿಷ 42 ಸೆಕೆಂಡು ನಿಂತಿತು. ನಿಂತಿತು ಅನ್ನುವುದಕ್ಕಿಂತ, ಗಾಳಿ ತಳ್ಳಿದ ಕಡೆ ಸುಮಾರು 300 ಅಡಿ ತೇಲಿಕೊಂಡು ಹೋಯಿತು ಅನ್ನುವುದೇ ಸರಿ. ಸೇನೆಯವರು ಇದು ತೀರಾ ತೊಡಕಿನದು ಅಂತ 1924ರಲ್ಲಿ ಕೈಬಿಟ್ಟರು. ಅದೇ 1924ರ ಮೇ 4ರಂದು ಫ್ರಾನ್ಸಿನ ಏತಿಯೆನ್ ಏಮಿಶೆನ್ ತನ್ನ ಯಂತ್ರದಲ್ಲಿ 1 ಕಿಲೋಮೀಟರ್ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ಇಳಿದ. ನಾಲ್ಕು ದೊಡ್ಡ ಚಕ್ರಗಳ ಜೊತೆಗೆ, ಅದನ್ನು ನೆಟ್ಟಗೆ ನಿಲ್ಲಿಸಲು, ತಿರುಗಿಸಲು, ಮುಂದೆ ತಳ್ಳಲು ಅಂತಲೇ ಎಂಟು ಸಣ್ಣ ಫ್ಯಾನುಗಳು! ಒಬ್ಬ ಮನುಷ್ಯ ಎರಡು ಕೈ ಎರಡು ಕಾಲಿನಲ್ಲಿ ಇದನ್ನೆಲ್ಲ ನೋಡಿಕೊಳ್ಳಬೇಕು. ಯಾರ ಕೈಲಿ ಆಗುತ್ತೆ ಹೇಳಿ? ಮುಂದೆ ಮೇಲೊಂದು ದೊಡ್ಡ ಚಕ್ರ, ಬಾಲಕ್ಕೊಂದು ಚಿಕ್ಕದು ಇರುವ ಹೆಲಿಕಾಪ್ಟರೇ ಗೆದ್ದಿತು. ನಾಲ್ಕು ಚಕ್ರದ್ದು ಮೂಲೆಗೆ ಬಿತ್ತು.

ಈಗ ಒಂದು ಸ್ವಾರಸ್ಯ. ಅದೇ 1922ರಲ್ಲಿ, ಅದೇ ಅಮೆರಿಕದಲ್ಲಿ, ರಷ್ಯಾದಿಂದಲೇ ಬಂದಿದ್ದ ಇನ್ನೊಬ್ಬ, ನಿಕೊಲಾಸ್ ಮಿನೋರ್ಸ್ಕಿ, ಹಡಗುಗಳ ಬಗ್ಗೆ ಒಂದು ಲೇಖನ ಬರೆದ. ಹಾರುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಚುಕ್ಕಾಣಿ ಹಿಡಿದ ನುರಿತ ನಾವಿಕ ಹಡಗನ್ನು ಹೇಗೆ ನೆಟ್ಟಗೆ ನಡೆಸುತ್ತಾನೆ ಅಂತ ಅವನು ಯೋಚಿಸಿದ್ದ. ನಾವಿಕ ಮೂರು ವಿಷಯ ನೋಡುತ್ತಾನಂತೆ. ಒಂದು, ಈಗ ದಾರಿ ಎಷ್ಟು ತಪ್ಪಿದೆ. ಎರಡು, ಎಷ್ಟು ಹೊತ್ತಿನಿಂದ ತಪ್ಪುತ್ತಾ ಬಂದಿದೆ. ಮೂರು, ಎಷ್ಟು ವೇಗವಾಗಿ ತಪ್ಪುತ್ತಿದೆ. ಈ ಮೂರನ್ನೂ ಲೆಕ್ಕ ಹಾಕಿ ಅದಕ್ಕೆ ತಕ್ಕಷ್ಟೇ ಚುಕ್ಕಾಣಿ ತಿರುಗಿಸಿದರೆ ಯಂತ್ರವೂ ಆ ಕೆಲಸ ಮಾಡಬಹುದು ಅಂತ ಅವನ ಗಣಿತ. 1923ರಲ್ಲಿ ನ್ಯೂ ಮೆಕ್ಸಿಕೊ ಎಂಬ ಯುದ್ಧನೌಕೆಯಲ್ಲಿ ಪರೀಕ್ಷೆಯೂ ನಡೆಯಿತು. ಇವತ್ತು ಡ್ರೋನಿನವರು ದಿನ ಬೆಳಗಾದರೆ ಜಪಿಸುವ ಪಿ, ಐ, ಡಿ ಎಂಬ ಮೂರು ಅಕ್ಷರಗಳ ಹಿಂದಿರುವುದು ಈ ಮೂರೇ ವಿಷಯ.

ನೋಡಿ, ನಾಲ್ಕು ಚಕ್ರದ ಯಂತ್ರವೂ ಅದರ ಸೂತ್ರವೂ ಒಂದೇ ದೇಶದಲ್ಲಿ, ಒಂದೇ ವರ್ಷ ಇದ್ದವು. ಆದರೆ ಒಂದಕ್ಕೊಂದು ಸೇರಲು ಹೆಚ್ಚುಕಡಿಮೆ 80 ವರ್ಷ ಬೇಕಾಯಿತು. ಯಾಕೆಂದರೆ ಹಡಗು ನಿಧಾನವಾಗಿ ದಾರಿ ತಪ್ಪುತ್ತದೆ, ಈ ಯಂತ್ರ ಕಣ್ಣು ಮಿಟುಕಿಸುವುದರಲ್ಲಿ ಮಗುಚುತ್ತದೆ. ಸೆಕೆಂಡಿಗೆ ನೂರಾರು ಸಲ ಓಲಾಟವನ್ನು ಅಳೆದು, ಲೆಕ್ಕ ಹಾಕಿ, ನಾಲ್ಕು ಮೋಟಾರಿಗೆ ಬೇರೆ ಬೇರೆ ಆಜ್ಞೆ ಕೊಡಬೇಕು. ಅಳೆಯುವ ಗೈರೊ ಎಂಬ ಸಾಧನ ಹಿಂದೆ ಭಾರದ್ದು, ದುಬಾರಿಯದ್ದು. ಅದು ಅಕ್ಕಿಕಾಳಿನಷ್ಟು ಗಾತ್ರದ ಚಿಪ್ಪಿಗೆ ಇಳಿದದ್ದು ಕಾರು, ಮೊಬೈಲು ಮತ್ತು ಆಟಿಕೆಗಳ ದೆಸೆಯಿಂದ. 2009ರಲ್ಲಿ ನಿಂಟೆಂಡೊ ಕಂಪನಿ ತನ್ನ ವೀ ಎಂಬ ಆಟದ ಯಂತ್ರಕ್ಕೆ ಗೈರೊ ಇರುವ ಒಂದು ಸಣ್ಣ ತುಂಡು ಮಾರಾಟಕ್ಕೆ ಬಿಟ್ಟಿತು. ಹವ್ಯಾಸಿಗಳು ಅದನ್ನು ಒಡೆದು, ಒಳಗಿನ ಚಿಪ್ಪು ತೆಗೆದು, ಡ್ರೋನಿಗೆ ಹಾಕಿದರು! 2010ರ ಹೊತ್ತಿಗೆ ಶುರುವಾದ ಮಲ್ಟಿವೀ ಎಂಬ ಉಚಿತ ತಂತ್ರಾಂಶದ ಹೆಸರಿನಲ್ಲೇ ಆ ಆಟಿಕೆ ಉಳಿದುಕೊಂಡಿದೆ. ನಮ್ಮ ದೇಶದವರು ಬಹಳ ಜನ ಇಂಥದ್ದನ್ನು ಮೊದಲು ನೋಡಿದ್ದು 2009ರ ಕೊನೆಯಲ್ಲಿ ಬಂದ 'ತ್ರೀ ಈಡಿಯಟ್ಸ್' ಸಿನಿಮಾದಲ್ಲಿ. ಅದರಲ್ಲಿ ಹಾರಿದ್ದು ಐಐಟಿ ಬಾಂಬೆಯಲ್ಲಿ ಓದಿದವರು ಕಟ್ಟಿದ ಐಡಿಯಾಫೋರ್ಜ್ ಕಂಪನಿಯ ಯಂತ್ರ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಪೈಲಟ್ ಇಲ್ಲದೆ ಹಾರುವ ಯಂತ್ರಗಳ ಚರಿತ್ರೆಯಲ್ಲಿ ಚಿತ್ರದುರ್ಗಕ್ಕೆ ದೊಡ್ಡ ಜಾಗವೇ ಇದೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಓದವರ ವೈಮಾನಿಕ ಪರೀಕ್ಷಾ ವಲಯವಿದೆ. 2017ರ ಮೇ 28ರಂದು ಅರುಣ್ ಜೇಟ್ಲಿ ಉದ್ಘಾಟಿಸಿದ್ದು. ಅದಕ್ಕೂ ಮುಂಚೆ, 2016ರ ನವೆಂಬರಿನಲ್ಲೇ, ಬೆಂಗಳೂರಿನ ಎಡಿಇ ಸಂಸ್ಥೆಯ ರುಸ್ತುಂ-2 (ತಪಸ್ ಅಂತಲೂ ಕರೆಯುತ್ತಾರೆ) ಮೊದಲ ಸಲ ಹಾರಿದ್ದು ಇಲ್ಲೇ. ರೆಕ್ಕೆಯ ಉದ್ದ 20 ಮೀಟರಿಗೂ ಹೆಚ್ಚು. ಅದು ನಾಲ್ಕು ಚಕ್ರದ್ದಲ್ಲ, ವಿಮಾನದ ಆಕಾರದ್ದು. ಆದರೂ ಮೊದಲ ಹಾರಾಟದ ಮುಂಚಿನ ಪಾಡು ಒಂದೇ. ಮೊದಲು ನೆಲದ ಮೇಲೇ ನಿಧಾನವಾಗಿ ಓಡಿಸುವುದು, ಆಮೇಲೆ ಜೋರಾಗಿ ಓಡಿಸುವುದು, ಅಳೆಯುವುದು, ತಿದ್ದುವುದು, ಮತ್ತೆ ಓಡಿಸುವುದು. ಅದರ ಅಣ್ಣ ರುಸ್ತುಂ-1 ಇದೆಯಲ್ಲ, 2009ರ ನವೆಂಬರ್ 16ರಂದು ಹೊಸೂರಿನ ಹತ್ತಿರ ಮೊದಲ ಸಲ ಎದ್ದು ಚೆನ್ನಾಗಿಯೇ ಹಾರಿತು. ಇಳಿಯುವಾಗ ಎತ್ತರ ಅಂದಾಜು ಮಾಡುವುದರಲ್ಲಿ ತಪ್ಪಾಗಿ, ನೆಲದಿಂದಲೇ ಎಂಜಿನ್ ಆಫ್ ಮಾಡಿಬಿಟ್ಟರು. ಬಿತ್ತು. ಮುಂದಿನ ವರ್ಷ ಅಕ್ಟೋಬರಿನಲ್ಲಿ ಸರಿಯಾಗಿ ಹಾರಿ ಇಳಿಯಿತು.

ಇಸ್ರೋದವರ ಪುಷ್ಪಕ್ ಕೂಡ ಇಲ್ಲೇ ಇಳಿದದ್ದು. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಯಾರ ಕೈಯೂ ಇಲ್ಲದೆ ತಾನೇ ದಾರಿ ಹಿಡಿದು ರನ್‌ವೇ ಮೇಲೆ ಬಂದು ಕೂತಿತು. 2024ರಲ್ಲಿ ಮತ್ತೆರಡು ಸಲ ಮಾಡಿ ತೋರಿಸಿದರು. ಪೇಪರಿನಲ್ಲಿ ನಮ್ಮ ಜಿಲ್ಲೆಯ ಹೆಸರು ಓದಿ ಎದೆ ಉಬ್ಬಿದ್ದು ಸುಳ್ಳಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಬಿಟ್ಟು ಬರೆದರೆ ತಪ್ಪಾಗುತ್ತೆ. ಆ ಕಾವಲು ಖಾಲಿ ಜಾಗವಾಗಿರಲಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಹುಲ್ಲುಗಾವಲು ಅದು, ಸುತ್ತಲ ಹಳ್ಳಿಗಳ ದನ ಕುರಿಗಳು ಮೇಯುತ್ತಿದ್ದ ಜಾಗ. ಬೇಲಿ ಗೋಡೆ ಎದ್ದಾಗ ಹಳ್ಳಿಯವರು ಚಳವಳಿ ಮಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಪರೀಕ್ಷೆ ಅಂದಮೇಲೆ ಬೀಳುವುದೂ ಉಂಟು. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಚಿತ್ರದುರ್ಗದ ಹತ್ತಿರ ಜೋಡಿಚಿಕ್ಕೇನಹಳ್ಳಿಯಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ನಮ್ಮ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಎರಡು ಸಲವೂ ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಹಾರಿಸುವವನು ದೂರದಲ್ಲಿ ಕೂತಿರುತ್ತಾನೆ. ಬೀಳುವುದು ಮಾತ್ರ ಹೊಲದಲ್ಲಿ ಇರುವವನ ಪಕ್ಕ. ಈ ಮಾತು ಎಷ್ಟು ನಿಜ ಅಂತ ಸ್ವಲ್ಪ ದಿನದಲ್ಲೇ ನನಗೂ ಗೊತ್ತಾಯಿತು.

ನಮ್ಮ ಕಥೆ ಕೇಳಿ. ಹಳೆಯ ಬ್ಯಾಟರಿ ಹಲಸಿನ ಹಣ್ಣಿನ ಹಾಗೆ ಊದಿಕೊಂಡಿತ್ತು, ಹೊಸದು ತರಿಸಿದೆವು. ಉಳಿದದ್ದೆಲ್ಲ ಚೆನ್ನಾಗಿತ್ತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 1 ಕೆಜಿ 150 ಗ್ರಾಂ. ಅಂದರೆ ಒಂದೊಂದು ಮೋಟಾರು 290 ಗ್ರಾಂನಷ್ಟು ಹೊತ್ತರೆ ಸಾಕು, ಗಾಳಿಯಲ್ಲಿ ನಿಲ್ಲುತ್ತದೆ. ಅವಕ್ಕೆ ಅದರ ಎರಡರಷ್ಟು ಶಕ್ತಿ ಇದೆ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳಲ್ಲಿ 250 ಗ್ರಾಂನಿಂದ 2 ಕೆಜಿವರೆಗಿನದು ಮೈಕ್ರೊ ಎಂಬ ವರ್ಗ. ವ್ಯಾಪಾರಕ್ಕಲ್ಲದೆ ಹಾರಿಸಿದರೆ ಪೈಲಟ್ ಪ್ರಮಾಣಪತ್ರ ಬೇಡ, ನೋಂದಣಿ ಬೇಕು. ಹಸಿರು, ಹಳದಿ, ಕೆಂಪು ಅಂತ ಗುರುತು ಹಾಕಿದ ನಕ್ಷೆಯನ್ನೂ ನೋಡಿಕೊಳ್ಳಬೇಕು. ಕೋಟೆಯ ಮೇಲೆ ಹಾರಿಸೋಣ ಅಂತ ಹುಡುಗನಿಗೆ ಆಸೆ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ, ಅನುಮತಿ ಇಲ್ಲದೆ ಆಗದು ಅಂತ ಸುಮ್ಮನಾಗಿಸಿದೆ.

ಇಷ್ಟೆಲ್ಲ ಬುದ್ಧಿ ಹೇಳಿದ ನಾನೇ ಆಮೇಲೆ ಮಾಡಿದ್ದೇನು ಗೊತ್ತೆ? ಅವಸರ. ತಂಗಿಯ ತೋಟದ ಮನೆಯ ಅಂಗಳದಲ್ಲಿ, ವೈರುಗಳನ್ನೆಲ್ಲ ಸಿಕ್ಕಿಸಿ, ಫ್ಯಾನುಗಳನ್ನೂ ಹಾಕಿ, "ಬಾರೋ, ಒಂದು ಸಲ ಎತ್ತಿ ನೋಡೇಬಿಡೋಣ" ಅಂದೆ. ಥ್ರಾಟಲ್ ಸ್ವಲ್ಪ ಮೇಲೆ ಮಾಡಿದ್ದೇ ತಡ, ಅದು ಎದ್ದೇಳುವ ಬದಲು ಹುಚ್ಚು ಹಿಡಿದ ಹೋರಿಯಂತೆ ಪಕ್ಕಕ್ಕೆ ಪಲ್ಟಿ ಹೊಡೆಯಿತು. ಫ್ಯಾನು ಕಲ್ಲುಚಪ್ಪಡಿಗೆ ಬಡಿದು ಮುರಿದು, ಒಂದು ಚೂರು ಹತ್ತಡಿ ದೂರದ ಹುಲ್ಲಿನ ಬಣವೆಗೆ ನೆಟ್ಟುಕೊಂಡಿತು. ಬಣವೆಯ ಪಕ್ಕದಲ್ಲೇ ಪಕ್ಕದ ಮನೆಯ ಪುಟ್ಟ ಹುಡುಗಿ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದಳು.

ತಂಗಿ ಬೈಯಲಿಲ್ಲ. ಬಂದು ಆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು. ಆ ದಿನ ಸಂಜೆ ಅವಳ ಮುಖ ನೋಡಿ ಮಾತಾಡಲು ನನಗಾಗಲಿಲ್ಲ.

ರಾತ್ರಿ ಹುಡುಗ ಟಾರ್ಚು ಹಿಡಿದು ಎಲ್ಲ ಬಿಚ್ಚಿ ನೋಡಿದ. ಎರಡನೇ ಮತ್ತು ಮೂರನೇ ಮೋಟಾರಿನ ವೈರನ್ನು ನಾನು ಅದಲುಬದಲು ಸಿಕ್ಕಿಸಿದ್ದೆ. ಮುಂದಿನ ಮೂಲೆ ಬಗ್ಗಿದೆ ಅಂತ ಬೋರ್ಡು ಅದನ್ನು ಎತ್ತಲು ಹೋದರೆ, ಎತ್ತುತ್ತಿದ್ದದ್ದು ಹಿಂದಿನ ಮೂಲೆ. ಇನ್ನೂ ಬಗ್ಗಿತು ಅಂತ ಇನ್ನಷ್ಟು ಎತ್ತಿತು. ಬೋರ್ಡಿನ ಲೆಕ್ಕ ಸರಿಯಾಗೇ ಇತ್ತು. ಸೂತ್ರವನ್ನು ತಲೆಕೆಳಗಾಗಿ ಕಟ್ಟಿದವನು ನಾನು!

ಮಾರನೇ ದಿನ ಮೊದಲಿನಿಂದ ಶುರು ಮಾಡಿದೆವು. ಯಜಮಾನಿಕೆ ಹುಡುಗನದು. ಅವನ ಮೊದಲ ಕಾನೂನು, ಕೊನೆಯ ಗಳಿಗೆಯವರೆಗೂ ಫ್ಯಾನು ಹಾಕುವಂತಿಲ್ಲ. ಆಸಕ್ತಿ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ನಾವು ಮಾಡಿದ ಕ್ರಮವನ್ನೇ ಬರೆಯುತ್ತೇನೆ.

ಮೊದಲು ತೂಕದ ಸಮ. ಬ್ಯಾಟರಿಯನ್ನು ಪಟ್ಟಿಯಿಂದ ಬಿಗಿದು, ಚೌಕಟ್ಟಿನ ನಡುವೆ ಎರಡು ಬೆರಳು ಕೊಟ್ಟು ಎತ್ತಿದರೆ ಯಾವ ಕಡೆಗೂ ವಾಲಬಾರದು. ಆಮೇಲೆ ಫ್ಯಾನುಗಳ ಸಮ. ಒಂದು ನಯವಾದ ಕಡ್ಡಿಗೆ ಪೋಣಿಸಿ ನೋಡಿದಾಗ ಒಂದು ತುದಿ ಕೆಳಗೆ ಬಂದರೆ, ಮೇಲೆ ಹೋದ ತುದಿಗೆ ಚಿಕ್ಕ ಟೇಪಿನ ಚೂರು ಅಂಟಿಸಬೇಕು. ಇಲ್ಲವಾದರೆ ಅದರ ನಡುಕವೆಲ್ಲ ಗೈರೊಗೆ ಹೋಗಿ ಅದರ ತಲೆ ಕೆಡಿಸುತ್ತದೆ.

ಎರಡನೆಯದು ದಿಕ್ಕು. ಎದುರುಬದುರು ಮೂಲೆಯ ಎರಡು ಮೋಟಾರು ಒಂದು ಕಡೆಗೆ, ಉಳಿದೆರಡು ಇನ್ನೊಂದು ಕಡೆಗೆ ತಿರುಗಬೇಕು. ನಾಲ್ಕೂ ಒಂದೇ ಕಡೆ ತಿರುಗಿದರೆ ಚೌಕಟ್ಟೇ ಬುಗುರಿಯ ಹಾಗೆ ಎದುರು ದಿಕ್ಕಿಗೆ ಸುತ್ತುತ್ತದೆ. ದಿಕ್ಕು ತಪ್ಪಿದ ಮೋಟಾರಿನ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಮೂರನೆಯದು ನಾಲ್ಕು ಮೋಟಾರಿಗೂ ಒಂದೇ ಭಾಷೆ ಕಲಿಸುವುದು. ರಿಮೋಟಿನ ಥ್ರಾಟಲ್ ಪೂರ್ತಿ ಮೇಲಿಟ್ಟು, ಬೋರ್ಡಿನ ಒಂದನೇ ಮತ್ತು ನಾಲ್ಕನೇ ಗುಂಡಿ ಒತ್ತಿಹಿಡಿದು ಬ್ಯಾಟರಿ ಕೊಟ್ಟರೆ ಕುಂಯ್ ಕುಂಯ್ ಅನ್ನುತ್ತದೆ. ಆಮೇಲೆ ಥ್ರಾಟಲ್ ಪೂರ್ತಿ ಇಳಿಸಬೇಕು. ಅಲ್ಲಿಗೆ ಸೊನ್ನೆ ಎಲ್ಲಿ, ನೂರು ಎಲ್ಲಿ ಅಂತ ನಾಲ್ಕಕ್ಕೂ ಒಟ್ಟಿಗೆ ಗೊತ್ತಾಗುತ್ತದೆ. ನಾಲ್ಕನೆಯದು ಮಟ್ಟ. ಮೇಸ್ತ್ರಿಯ ರಸಮಟ್ಟ ಇಸಕೊಂಡು ಬಂದು ಕಡಪ ಕಲ್ಲನ್ನು ಸಮ ಮಾಡಿ, ಅದರ ಮೇಲೆ ಡ್ರೋನ್ ಇಟ್ಟು, ಇದೇ ನೋಡಪ್ಪ ನೆಟ್ಟಗೆ ಅಂದರೆ ಅಂತ ಬೋರ್ಡಿಗೆ ತೋರಿಸಿದೆವು.

ಐದನೆಯದೇ ನಾನು ಅವತ್ತು ಮಾಡದೆ ಬಿಟ್ಟದ್ದು. ಫ್ಯಾನಿಲ್ಲದೆ ಮೋಟಾರು ಚಾಲೂ ಮಾಡಿ, ಕೈಯಲ್ಲಿ ಹಿಡಿದು ಒಂದು ಕಡೆ ಬಗ್ಗಿಸಬೇಕು. ಬಗ್ಗಿದ ಕಡೆಯ ಮೋಟಾರಿನ ಸದ್ದು ಜೋರಾಗಬೇಕು. ನಾಲ್ಕೂ ಕಡೆ ಬಗ್ಗಿಸಿ ಕೇಳಬೇಕು. ಎರಡು ನಿಮಿಷದ ಕೆಲಸ ಅಷ್ಟೇ! ಆರನೆಯದು, ರಿಮೋಟ್ ಆಫ್ ಮಾಡಿದರೆ ಮೋಟಾರು ನಿಲ್ಲುತ್ತದೆಯೇ ಅಂತ ನೋಡುವುದು.

ಹೊಸದುರ್ಗ, ಹೊಳಲ್ಕೆರೆ ಕಡೆ ಗಾಳಿಯ ವಿಚಾರ ಹೇಳಬೇಕಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಹಾಗಾಗಿ ಬೆಳಗ್ಗೆ ಆರಕ್ಕೇ ಹೊರಟು, ಊರಾಚೆ ಕಟಾವಾದ ರಾಗಿ ಹೊಲಕ್ಕೆ ಹೋದೆವು. ನಾನು ಅಟ್ಟದಲ್ಲಿ ಸಿಕ್ಕ ಅಪ್ಪನ ಗಾಳಿಪಟದ ದಾರದ ಉಂಡೆಯನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮೊದಲ ಸಲಕ್ಕೆ ಕೆಳಗೆ ಕಟ್ಟಿ ಹಿಡಿದುಕೊಳ್ಳೋಣ ಅಂತ. ಹುಡುಗ ಒಪ್ಪಲಿಲ್ಲ. "ಬೇಡ ಮಾವ, ದಾರ ಫ್ಯಾನಿಗೆ ಸಿಕ್ಕರೆ ಮುಗೀತು. ನೀವು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಸರೀರಿ" ಅಂದ. ಸರಿದೆ.

ಎದ್ದಿತು. ಮೊಣಕಾಲೆತ್ತರ, ಅಷ್ಟೇ. ಆದರೆ ಚಳಿ ಹಿಡಿದವರ ಹಾಗೆ ಗಡಗಡ ನಡುಗುತ್ತಿತ್ತು. ಇಳಿಸಿದ. ಪಿ ಎಂಬ ಸಂಖ್ಯೆ ಹೆಚ್ಚಾಗಿದೆ ಅಂದ. ಅಂದರೆ ಸ್ವಲ್ಪ ಓರೆಯಾದರೂ ಬೋರ್ಡು ಗಾಬರಿಯಿಂದ ಅತಿಯಾಗಿ ತಿದ್ದುತ್ತಿದೆ. 1942ರಲ್ಲಿ ಝೀಗ್ಲರ್, ನಿಕೋಲ್ಸ್ ಎಂಬ ಇಬ್ಬರು ಎಂಜಿನಿಯರುಗಳು ಹೇಳಿದ ಉಪಾಯವೂ ಇದೇ. ಬಲ ಏರಿಸುತ್ತಾ ಹೋಗು, ಓಲಾಟ ನಿಲ್ಲದೆ ಶುರುವಾದ ಜಾಗ ಗುರುತು ಹಾಕಿಕೋ, ಅಲ್ಲಿಂದ ಹಿಂದಕ್ಕೆ ಬಾ. ನಮ್ಮ ಹಳೆಯ ಬೋರ್ಡಿನಲ್ಲಿ ಡಿ ಇಲ್ಲ, ಪಿ ಮತ್ತು ಐ ಎರಡೇ. ಇಳಿಸಿದ, ಎತ್ತಿದ, ಮತ್ತೆ ಇಳಿಸಿದ. ತೀರಾ ಕಡಿಮೆ ಮಾಡಿದಾಗ ಕುಡಿದವನ ಹಾಗೆ ತೂರಾಡಿತು. ಮತ್ತೆ ಸ್ವಲ್ಪ ಏರಿಸಿದ. ಅವನು ಕೂತು ಗುಂಡಿ ಒತ್ತುವುದು, ಎದ್ದು ನೋಡುವುದು, ಮತ್ತೆ ಕೂರುವುದು ನೋಡುತ್ತಿದ್ದರೆ, ಗಂಟು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ ಅಪ್ಪನ ಕೈಗಳೇ ಕಣ್ಣಿಗೆ ಬಂದವು.

ಏಳನೆಯದೋ ಎಂಟನೆಯದೋ ಸಲ ಅದು ಎದೆಯೆತ್ತರಕ್ಕೆ ಹೋಗಿ ನಿಂತಿತು. ಸುಮ್ಮನೆ ನಿಂತಿತು. ಅರ್ಧ ನಿಮಿಷ ಇರಬಹುದು. ನಾಲ್ಕು ಜನ ಹಿಡಿದುಕೊಂಡಿರಲಿಲ್ಲ. ನಾನು ಜೇಬಿನಲ್ಲಿದ್ದ ದಾರದ ಉಂಡೆಯನ್ನು ಹಿಡಿದುಕೊಂಡೇ ಇದ್ದೆ ಅಂತ ಆಮೇಲೆ ಗೊತ್ತಾಯಿತು.

ಮನೆಗೆ ಬಂದು ತಂಗಿಗೆ ಹೇಳಿದೆವು. "ಮಕ್ಕಳು ಇಲ್ದಿರೋ ಕಡೆ ತಾನೆ ಹಾರ್ಸಿದ್ದು?" ಅಂತಷ್ಟೇ ಕೇಳಿದಳು. ಹೌದು ಅಂದಮೇಲೆ ತಿಂಡಿ ಬಡಿಸಿದಳು.

ಅಪ್ಪ ಇದ್ದಿದ್ದರೆ ಹೇಳುತ್ತಿದ್ದೆ, ಇದಕ್ಕೂ ಸೂತ್ರ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಕಟ್ಟುವಾಗ ಅವಸರ ಮಾಡಬಾರದು ಅಂತ. ಅವರಿಗೆ ಅದು ಮೊದಲೇ ಗೊತ್ತಿತ್ತು ಬಿಡಿ.

ಅಂದಹಾಗೆ, ನಿಮ್ಮೂರ ಕಡೆ ಗಾಳಿಪಟದ ಸೂತ್ರಕ್ಕೆ ಏನಂತೀರಿ? ಎಷ್ಟು ಬೆರಳು ಬಿಟ್ಟು ಕಟ್ಟುತ್ತಿದ್ದಿರಿ? ನೆನಪಿದ್ದವರು ತಿಳಿಸಿ. ಮುಂದಿನ ಆಷಾಢಕ್ಕೆ ಆ ಪುಟ್ಟ ಹುಡುಗಿಗೆ ಒಂದು ಪಟ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.